ಒಂದೇ ಗೋಡೆ ಕಪಾಟು, ಮೂರು ಥರದ ಕೆಲಸ: ಹೊಲಿಗೆ ಸಾಮಾನು ಹೇಗೆ ಜೋಡಿಸಲಿ?

ಸೂಜಿಮಲ್ಲಿಗೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಹಾಯ ಬೇಕಿತ್ತು.

ನಾನು ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ, ಫಾಲ್ ಹೊಲಿಯುತ್ತೇನೆ. ನನಗೆ, ಅಮ್ಮನಿಗೆ, ಪಕ್ಕದ ಮನೆಯವರಿಗೆ ಬ್ಲೌಸ್ ಕೂಡ ಹೊಲಿಯುತ್ತೇನೆ. ಇಷ್ಟಕ್ಕೂ ಇರುವುದು ಒಂದೇ ಗೋಡೆ ಕಪಾಟು. 4 ಅಡಿ ಅಗಲ, 18 ಇಂಚು ಆಳ, ಕಡಪ ಕಲ್ಲಿನ 5 ಖಾನೆ. ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ.

ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ 11 ಸೀರೆ ಬಂದಿದ್ದವು. ಒಂದಕ್ಕೆ ಮರೂನ್ ದಾರ ಬೇಕಿತ್ತು. ಕಪಾಟೆಲ್ಲ ತಡಕಿದೆ, ಸಿಗಲಿಲ್ಲ. ಬಸ್ಸು ಹತ್ತಿ ರಾಜಾ ಮಾರ್ಕೆಟ್‌ಗೆ ಹೋಗಿ ತಂದೆ. ಅರ್ಧ ದಿನ ಅಲ್ಲಿಗೇ ಹೋಯಿತು. ಹಬ್ಬ ಮುಗಿದ ಮೇಲೆ ಧೂಳು ಹೊಡೆಯಲು ಎಲ್ಲ ಹೊರಗೆ ತೆಗೆದರೆ, ಅದೇ ಮರೂನ್ 4 ರೀಲು ಹಿಂದೆ ಕೂತಿದ್ದವು. ಎರಡರ ಕವರ್ ಕೂಡ ಬಿಚ್ಚಿರಲಿಲ್ಲ. ಅವತ್ತು ತುಂಬಾ ಬೇಜಾರಾಯಿತು.

ಈಗ ಎಲ್ಲವೂ ಮಂಚದ ಮೇಲಿದೆ. ದಾರದ ರೀಲು, ಕೋನು, ಮಣಿ, ಚಮ್ಕಿ, ಹುಕ್ಕು, ಲೈನಿಂಗ್ ಬಟ್ಟೆ, ಕ್ಯಾನ್ವಾಸ್, ಲೇಸು, ಎಲಾಸ್ಟಿಕ್, ಪೇಪರ್ ಕಟಿಂಗ್. ಜೊತೆಗೆ ಹಬ್ಬ, ಮದುವೆ, ಗೃಹಪ್ರವೇಶ ಅಂತ ಅರಿಶಿನ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸುಗಳು. ಎಣಿಸಿದೆ. 63 ಇವೆ. ಮನೆಯಲ್ಲಿ 4 ವರ್ಷದ ಮಗಳಿದ್ದಾಳೆ, ಸೂಜಿಯ ಭಯ ಬೇರೆ. ನೀವೆಲ್ಲ ಹೇಗೆ ಇಟ್ಟುಕೊಂಡಿದ್ದೀರಿ?

ಬೊಂಬೆಮನೆ, ಮೈಸೂರು

ಮೊದಲು ಒಂದು ಮಾತು. ಡಬ್ಬ ಕೊಳ್ಳಲು ಇವತ್ತೇ ಹೋಗಬೇಡಿ. ನಾನು ಹಾಗೆ ಮಾಡಿ, 12 ಡಬ್ಬ ತಂದು, ಅದರಲ್ಲಿ 5 ಖಾನೆಯೊಳಗೆ ಹಿಡಿಸದೆ ಅಡುಗೆಮನೆಗೆ ಹೋದವು.

18 ಇಂಚು ಆಳ ಅಂದರೆ ಹಿಂದಿನ ಸಾಲು ಕಾಣುವುದೇ ಇಲ್ಲ. ನಿಮ್ಮ ಮರೂನ್ ದಾರ ಕಳೆದುಹೋದದ್ದು ಅಲ್ಲೇ. ದಸರಾಗೆ ಬೊಂಬೆ ಕೂರಿಸುವಾಗ ಮೆಟ್ಟಿಲು ಯಾಕೆ ಕಟ್ಟುತ್ತೇವೆ? ಹಿಂದಿನ ಬೊಂಬೆ ಮುಖವೂ ಕಾಣಲಿ ಅಂತ ತಾನೇ. ಕಪಾಟಿನಲ್ಲೂ ಅದೇ ಮಾಡಿ. ಖಾನೆಯ ಹಿಂಭಾಗದಲ್ಲಿ ಎರಡು ಇಟ್ಟಿಗೆ, ಅದರ ಮೇಲೆ ಒಂದು ಹಲಗೆ. ಇಟ್ಟಿಗೆಗೆ ಹಳೇ ಬಟ್ಟೆ ಸುತ್ತಿ, ಇಲ್ಲದಿದ್ದರೆ ಕೆಂಪು ಪುಡಿ ಉದುರುತ್ತದೆ. ಹಿಂದಿನ ಸಾಲು 4 ಇಂಚು ಮೇಲೆ ಬರುತ್ತದೆ. ಒಂದು ಮೊಳೆಯೂ ಬೇಡ. ನನ್ನ ರೀಲು, ಮಣಿ ಬಾಟಲಿ ಎಲ್ಲ ಹೀಗೇ ನಿಂತಿವೆ. ಬಾಗಿಲು ತೆಗೆದ ತಕ್ಷಣ ಎಲ್ಲ ಬಣ್ಣವೂ ಕಾಣುತ್ತದೆ.

ಹುಕ್ಕು, ಪ್ರೆಸ್ ಬಟನ್, ಶರ್ಟಿನ ಗುಂಡಿಗೆಲ್ಲ ಒಗ್ಗರಣೆ ಡಬ್ಬಿ ಬಳಸಿ. ಒಳಗೆ 7 ಬಟ್ಟಲು ಇರುತ್ತವಲ್ಲ, ಅದು. ಮುಚ್ಚಳ ಬಿಗಿ ಇರುತ್ತದೆ, ಮಗು ತೆಗೆಯಲು ಕಷ್ಟ. ಆದರೂ ಮೇಲಿನ ಖಾನೆಯಲ್ಲೇ ಇಡಿ.

ಟೈಲರಣ್ಣ, ದಾವಣಗೆರೆ

ತಂಗೀ, ನಾನು 26 ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ಸಾಮಾನನ್ನು ಜಾತಿ ಪ್ರಕಾರ ಜೋಡಿಸಿದರೆ ನೋಡಲು ಚೆಂದ. ದಾರವೆಲ್ಲ ಒಂದು ಕಡೆ, ಬಟ್ಟೆಯೆಲ್ಲ ಒಂದು ಕಡೆ. ಆದರೆ ಕೆಲಸಕ್ಕೆ ಕೂತಾಗ ನಾಲ್ಕು ಕಡೆ ಓಡಾಡಬೇಕು. ಕೆಲಸದ ಪ್ರಕಾರ ಜೋಡಿಸಿ. ಕುಚ್ಚಿನ ಕೆಲಸಕ್ಕೆ ಬೇಕಾದ ದಾರ, ಮಣಿ, ಕ್ರೋಶಾ ಕಡ್ಡಿ, ಬಾಚಣಿಗೆ, ಸಣ್ಣ ಕತ್ತರಿ ಒಂದೇ ಟ್ರೇನಲ್ಲಿ ಇರಲಿ. ಆ ಟ್ರೇ ಎಳೆದರೆ ಕೆಲಸ ಶುರು ಆಗಬೇಕು. ಫಾಲ್ ಕೆಲಸಕ್ಕೆ ಇನ್ನೊಂದು. ಬ್ಲೌಸಿಗೆ ಮತ್ತೊಂದು. ಕತ್ತರಿ ಎರಡೆರಡು ಬೇಕಾಗುತ್ತದೆ, ಆ ಖರ್ಚು ದಂಡ ಅಲ್ಲ.

ಬೇರೆಯವರ ಬಟ್ಟೆ ಮಾತ್ರ ನಿಮ್ಮ ಬಟ್ಟೆ ಜೊತೆ ಯಾವತ್ತೂ ಸೇರಬಾರದು. ಒಬ್ಬರಿಗೆ ಒಂದು ಚೀಲ. ಸೀರೆ, ಬ್ಲೌಸ್ ಪೀಸು, ಲೈನಿಂಗು, ಅಳತೆ ಬ್ಲೌಸು, ಒಂದು ಚೀಟಿ, ಎಲ್ಲ ಅದರಲ್ಲೇ. ಚೀಟಿಯಲ್ಲಿ ಹೆಸರು, ಕೊಡಬೇಕಾದ ತಾರೀಖು, ಕುತ್ತಿಗೆ ಆಳ, ತೋಳಿನ ಉದ್ದ. ಅಂಗಡಿ ಶುರು ಮಾಡಿದ ಎರಡನೇ ವರ್ಷ ಒಬ್ಬ ಅಮ್ಮನವರ ಅಳತೆ ಬ್ಲೌಸು ಕಳೆದುಬಿಟ್ಟೆ. ಅದು ಅವರ ಮದುವೆಯ ಬ್ಲೌಸಂತೆ. ಅವರು ಬೈಯಲಿಲ್ಲ, ಸುಮ್ಮನೆ ನಿಂತರು. ಅವತ್ತಿನಿಂದ ಚೀಲದ ನಿಯಮ ತಪ್ಪಿಸಿಲ್ಲ.

ಸೂಜಿ ಬಗ್ಗೆ. ಮಷಿನ್ ಸೂಜಿಯ ನಂಬರು ಬುಡದಲ್ಲಿ ಎಷ್ಟು ಸಣ್ಣದಾಗಿ ಇರುತ್ತದೆ ಅಂದರೆ, ಕವರಿನಿಂದ ತೆಗೆದ ಮೇಲೆ ಓದಲು ಆಗುವುದಿಲ್ಲ. ಕವರ್ ಎಸೆಯಬೇಡಿ. ತೆಳು ರೇಷ್ಮೆ, ಶಿಫಾನಿಗೆ 9 ಅಥವಾ 11. ಕಾಟನ್ ಬ್ಲೌಸಿಗೆ 14. ಜೀನ್ಸು, ದಪ್ಪ ಬಟ್ಟೆಗೆ 16, 18. ಇನ್ನೊಂದು ವಿಷಯ, ಮನೆ ಮಷಿನ್ ಸೂಜಿಯ ಬುಡ ಒಂದು ಕಡೆ ಚಪ್ಪಟೆ ಇರುತ್ತದೆ. ನಮ್ಮ ಅಂಗಡಿಯ ಪವರ್ ಮಷಿನ್ ಸೂಜಿಯ ಬುಡ ಪೂರ್ತಿ ದುಂಡಗೆ. ಎರಡೂ ಇದ್ದರೆ ಬೇರೆ ಬೇರೆ ಡಬ್ಬಿ ಮಾಡಿ. ಬಾಬಿನ್ನೂ ಅಷ್ಟೇ, ನೋಡಲು ಒಂದೇ ಥರ ಇದ್ದರೂ ಅಳತೆ ಬೇರೆ ಇರುತ್ತದೆ.

ಮುರಿದ ಸೂಜಿಯನ್ನು ಕಸಕ್ಕೆ ಹಾಗೇ ಹಾಕಬೇಡಿ. ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಖಾಲಿ ಮಾತ್ರೆ ಬಾಟಲಿಯಲ್ಲಿ ಕೂಡಿಡಿ. ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ‘ಸೂಜಿ’ ಅಂತ ಬರೆದು, ಬೇರೆಯಾಗಿ ಅವರ ಕೈಗೇ ಹೇಳಿ ಕೊಡಿ.

ಸೂಜಿಮಲ್ಲಿಗೆ, ಬೆಂಗಳೂರು

ಅಣ್ಣಾ, ಮುರಿದ ಸೂಜಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಪೇಪರಿನಲ್ಲಿ ಸುತ್ತಿ ಎಸೆಯುತ್ತಿದ್ದೆ. ಇವತ್ತೇ ಬಾಟಲಿ ಇಟ್ಟೆ.

ಟ್ರೇ ಮಾತು ಅರ್ಥವಾಯಿತು. ಆದರೆ ದಾರ? ಮರೂನ್ ದಾರ ಕುಚ್ಚಿಗೂ ಬೇಕು, ಫಾಲಿಗೂ ಬೇಕು. ಅದು ಯಾವ ಟ್ರೇಗೆ ಹೋಗಬೇಕು?

ಟೈಲರಣ್ಣ, ದಾವಣಗೆರೆ

ಕುಚ್ಚಿನ ದಾರ ಬೇರೆ, ಹೊಲಿಗೆ ದಾರ ಬೇರೆ ತಂಗಿ. ಕುಚ್ಚಿನದು ಹೊಳೆಯುವ, ಸಡಿಲ ಹುರಿಯ ದಾರ. ಅದರಲ್ಲಿ ಫಾಲ್ ಹೊಲಿದರೆ ತಡೆಯುವುದಿಲ್ಲ. ಹಾಗಾಗಿ ಅದು ಕುಚ್ಚಿನ ಟ್ರೇಗೆ. ಹೊಲಿಗೆ ದಾರ ಮಾತ್ರ ಎಲ್ಲ ಕೆಲಸಕ್ಕೂ ಬರುತ್ತದೆ. ಅದನ್ನು ಮೈಸೂರಿನ ಅಕ್ಕ ಹೇಳಿದ ಮೆಟ್ಟಿಲ ಮೇಲೆ ಬಣ್ಣದ ಪ್ರಕಾರ ನಿಲ್ಲಿಸಿ. ಸುತ್ತಿದ ಬಾಬಿನ್ನು ಅದೇ ಬಣ್ಣದ ರೀಲಿನ ಮೇಲೇ ಇರಲಿ. ಎರಡರ ತೂತಿಗೂ ಒಂದು ಇಯರ್‌ಬಡ್ ಕಡ್ಡಿ ಸಿಕ್ಕಿಸಿದರೆ ಬೀಳುವುದಿಲ್ಲ.

ಉಡುಪಿಯ ಮಳೆ

ನಾನು ಬೇರೆಯೇ ವಿಷಯ ಹೇಳಬೇಕು. ಎಲ್ಲರೂ ಜೋಡಿಸುವ ಬಗ್ಗೆ ಹೇಳುತ್ತಿದ್ದೀರಿ, ತೇವದ ಬಗ್ಗೆ ಯಾರೂ ಹೇಳಲಿಲ್ಲ.

ನಮ್ಮ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗಿನ ಬಟ್ಟೆ ಮುಟ್ಟಿದರೆ ತಣ್ಣಗೆ ಇರುತ್ತದೆ. ಬೆಂಗಳೂರಲ್ಲಿ ಅಷ್ಟಿಲ್ಲ ನಿಜ. ಆದರೆ ನಿಮ್ಮದು ಗೋಡೆಯೊಳಗಿನ ಕಪಾಟು, ಕಲ್ಲಿನ ಖಾನೆ. ಆ ಗೋಡೆಯ ಆಚೆ ಬಾತ್‌ರೂಮ್ ಇದೆಯಾ ನೋಡಿ. ಇದ್ದರೆ ಕೆಳಗಿನ ಎರಡು ಖಾನೆಯಲ್ಲಿ ಬಟ್ಟೆ ಬೇಡವೇ ಬೇಡ. ಬೇರೆ ಖಾನೆಯಲ್ಲೂ ಹಿಂದಿನ ಗೋಡೆಗೆ ತಾಗದಂತೆ ಎರಡು ಬೆರಳು ಜಾಗ ಬಿಡಿ.

ಬಟ್ಟೆಗೆ ಜಿಪ್ ಇರುವ ಪ್ಲಾಸ್ಟಿಕ್ ಸೀರೆ ಕವರ್ ಬಳಸಿದರೆ, ಒಳಗೆ ಹೋದ ತೇವ ಹೊರಗೆ ಬರುವುದಿಲ್ಲ. ನನ್ನ ಎರಡು ರೇಷ್ಮೆ ತುಂಡಿಗೆ ಹೀಗೇ ಬೂಸ್ಟು ಬಂತು. ಈಗ ಹಳೇ ಕಾಟನ್ ಸೀರೆ ಹರಿದು, ಒಗೆದು, ಅದರಲ್ಲಿ ಸುತ್ತಿಡುತ್ತೇನೆ. ನ್ಯೂಸ್ ಪೇಪರ್ ಹಾಸಬೇಡಿ. ಮಸಿ ಹತ್ತುತ್ತದೆ, ಬಿಳಿ ಬಟ್ಟೆ ಹಳದಿಯಾಗುತ್ತದೆ. ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಮಡಚಿಡಬೇಡಿ. ಹಳೇ ಪುಸ್ತಕದಲ್ಲಿ ಓಡಾಡುವ ಆ ಬೆಳ್ಳಿ ಬಣ್ಣದ ಹುಳಕ್ಕೆ ಗಂಜಿ ಅಂದರೆ ಪ್ರಾಣ. ನಿಮ್ಮ ಪೇಪರ್ ಕಟಿಂಗನ್ನೂ ಅದು ಬಿಡುವುದಿಲ್ಲ.

ಜರಿ ದಾರದ ಲಡಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೀರಾ? ಹಾಕಿದ್ದರೆ ಈಗಲೇ ತೆಗೆಯಿರಿ. ರಬ್ಬರಿನಲ್ಲಿ ಗಂಧಕ ಇರುತ್ತದೆ. ಬೆಳ್ಳಿ ಅಥವಾ ತಾಮ್ರದ ಜರಿ ಅದು ತಾಗಿದ ಕಡೆ ಕಪ್ಪಾಗುತ್ತದೆ. ನನ್ನ ಅತ್ತೆ ಕೊಟ್ಟ ಹಳೇ ಜರಿಯ ಮೇಲೆ ಕಪ್ಪು ಗೆರೆ ಬಿದ್ದಿದ್ದು ಹೀಗೇ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಈಗಿನ ಪ್ಲಾಸ್ಟಿಕ್ ಜರಿಗೆ ಈ ಕಾಟ ಇಲ್ಲ. ಆದರೆ ಸೆಕೆಗೆ ರಬ್ಬರ್ ಕರಗಿ ಅಂಟುವುದು ಯಾವ ದಾರಕ್ಕಾದರೂ ಕೆಟ್ಟದ್ದೇ. ಬಟ್ಟೆಯ ಪಟ್ಟಿಯಲ್ಲಿ ಕಟ್ಟಿ.

ಹೊಸ ಕತ್ತರಿ, ಹಾಸನ

ಕಪಾಟಿಗೆ ನುಸಿಗುಳಿಗೆ ಹಾಕಬಹುದಾ? ನಮ್ಮಮ್ಮ ಕರ್ಪೂರವನ್ನೂ ಜೊತೆಗೆ ಇಡುತ್ತಾರೆ.

ಉಡುಪಿಯ ಮಳೆ

ಎರಡೂ ಒಟ್ಟಿಗೆ ಬೇಡ. ಒಂದಕ್ಕೊಂದು ತಾಗಿದರೆ ಸೆಕೆಗೆ ಕರಗಿ ಎಣ್ಣೆ ಥರ ಆಗುತ್ತವೆ, ಬಟ್ಟೆಗೆ ಕಲೆ ಬೀಳುತ್ತದೆ. ನುಸಿಗುಳಿಗೆಯ ಆವಿಗೆ ಕೆಲವು ಥರದ ಪ್ಲಾಸ್ಟಿಕ್ ಮಣಿ, ಗುಂಡಿ ಮೆತ್ತಗಾಗಿ ಅಂಟಂಟಾಗುವುದೂ ಉಂಟು.

ಸಣ್ಣ ಮಕ್ಕಳಿರುವ ಮನೆಯಲ್ಲಿ ನಾನು ಅದನ್ನು ಬೇಡವೇ ಬೇಡ ಅನ್ನುತ್ತೇನೆ. ಮಿಠಾಯಿ ಅಂದುಕೊಂಡು ಬಾಯಿಗೆ ಹಾಕಿಕೊಂಡರೆ ವಿಷ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ. ಬಿಸಿಲು ಬಂದ ದಿನ ಕಪಾಟಿನ ಬಾಗಿಲು ಎರಡು ಗಂಟೆ ತೆರೆದಿಡಿ. ಅದಕ್ಕಿಂತ ಒಳ್ಳೆಯದು ಇಲ್ಲ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಪೊಟ್ಟಣ ಸೂಜಿ ಡಬ್ಬಿಗೆ ಹಾಕಿದರೆ ತುಕ್ಕು ಕಡಿಮೆ. ಆದರೆ ಅದೂ ಮಕ್ಕಳ ಕೈಗೆ ಸಿಗಬಾರದು.

ಧಾರವಾಡದ ಗವಂತಿ

ಇಲ್ಲಿ ಕಸೂತಿ ಮಾಡುವವರು ಯಾರಾದರೂ ಇದ್ದೀರೇನ್ರಿ? ನಾನು ಇಳಕಲ್ ಸೀರೆಗೆ, ಕುಶನ್ ಕವರಿಗೆ ಕಸೂತಿ ಹಾಕುತ್ತೇನೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯ, ನಾಲ್ಕೂ ಥರದ ಹೊಲಿಗೆ. ಗಂಟು ಹಾಕದೆ, ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ದಾರದ ಲೆಕ್ಕ ತಪ್ಪಿದರೆ ಬಹಳ ತೊಂದರೆ.

ನನ್ನ ದಾರವೆಲ್ಲ ಆ್ಯಂಕರ್ ಲಡಿ. ಒಂದು ಲಡಿ 8 ಮೀಟರ್, 6 ಎಳೆ. ಲಡಿಯನ್ನು ಹಾಗೇ ಡಬ್ಬಿಗೆ ಹಾಕಿದರೆ ಒಂದೇ ವಾರದಲ್ಲಿ ಗೂಡು ಕಟ್ಟುತ್ತದೆ. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ, ಅದಕ್ಕೆ ದಾರ ಸುತ್ತಿ, ಮೇಲೆ ಬಣ್ಣದ ನಂಬರು ಬರೆಯುತ್ತೇನೆ. ನಂಬರು ಬಹಳ ಮುಖ್ಯ ನೋಡ್ರಿ. ಒಂದು ಸೆರಗಿನ ಅರ್ಧಕ್ಕೆ ದಾರ ಮುಗಿಯಿತು. ಲೇಬಲ್ ಎಸೆದಿದ್ದೆ. ಅಂಗಡಿಯಲ್ಲಿ ಕಣ್ಣಂದಾಜಿನಲ್ಲಿ ಅದೇ ಕೆಂಪು ಅಂತ ತಂದು ಹಾಕಿದೆ. ಬಿಸಿಲಿಗೆ ಹಿಡಿದರೆ ಎರಡು ಕೆಂಪು. ಮೂರು ದಿನದ ಕೆಲಸ ಬಿಚ್ಚಿದೆ.

ಅರ್ಧ ಆದ ಕೆಲಸವನ್ನು ಬಟ್ಟೆ ಬಿಗಿ ಹಿಡಿಯುವ ರಿಂಗಿನಲ್ಲಿ ಬಿಟ್ಟು ಕಪಾಟಿಗೆ ಇಡಬೇಡಿ. ದುಂಡನೆ ಗುರುತು ಬೀಳುತ್ತದೆ, ಮಡಿಕೆಗೆ ಧೂಳು ಕೂತರೆ ಹೋಗುವುದೇ ಇಲ್ಲ. ರಿಂಗು ತೆಗೆದು ಬಟ್ಟೆಯನ್ನು ಸುರುಳಿ ಸುತ್ತಿ ಇಡಿ.

ತುಂಡು ಬಟ್ಟೆ ಎಲ್ಲಿ ಹೋಗುತ್ತದೆ ನಿಮ್ಮ ಮನೆಯಲ್ಲಿ? ನಮ್ಮ ಕಡೆ ಕೌದಿಗೆ, ಅಂದರೆ ತುಂಡು ಬಟ್ಟೆ ಜೋಡಿಸಿ ಹೊಲಿದ ಹೊದಿಕೆಗೆ, ಹೋಗುತ್ತದೆ. ಅಂಗೈಗಿಂತ ದೊಡ್ಡ ಕಾಟನ್ ತುಂಡು ಒಂದು ಚೀಲಕ್ಕೆ. ಅದಕ್ಕಿಂತ ಸಣ್ಣದು ದಿಂಬಿಗೆ ತುಂಬಲು. ಪಾಲಿಸ್ಟರ್ ಬೇರೆ ಚೀಲ, ಕೌದಿಗೆ ಅದನ್ನು ಸೇರಿಸಿದರೆ ಬೇಸಿಗೆಯಲ್ಲಿ ಹೊದೆಯಲು ಆಗುವುದಿಲ್ಲ. ಚೀಲ ತುಂಬಿದರೆ ಕೌದಿ ಹಾಕುವ ಕಾಲ ಬಂತು ಅಂತ ಲೆಕ್ಕ. ಎರಡನೇ ಚೀಲ ಶುರು ಮಾಡುವುದಿಲ್ಲ.

ಬೊಂಬೆಮನೆ, ಮೈಸೂರು

ಈಗ ಆ 63 ಬ್ಲೌಸ್ ಪೀಸಿನ ವಿಷಯ ಮಾತಾಡೋಣ. ಅರ್ಧ ಕಪಾಟು ಅದೇ ತಿನ್ನುತ್ತಿದೆ ಅಲ್ವಾ?

ಪ್ರತಿಯೊಂದನ್ನೂ ಬಿಡಿಸಿ ಅಳೆಯಿರಿ. ಒಬ್ಬರಿಗೆ ಬ್ಲೌಸ್ ಆಗಲು 80 ಸೆಂಟಿಮೀಟರ್‌ನಿಂದ 1 ಮೀಟರ್ ಬೇಕು. ಬಾಗಿನಕ್ಕೆ ಅಂತ ಮಾರುವ ಎಷ್ಟೋ ಪೀಸು ಅಷ್ಟು ಇರುವುದೇ ಇಲ್ಲ. ಅಳೆದ ಮೇಲೆ ಒಂದು ಸಣ್ಣ ಚೀಟಿಗೆ ಉದ್ದ ಬರೆದು ಗುಂಡುಸೂಜಿ ಹಾಕಿ. ಒಂದೊಂದನ್ನೂ ಪೋಸ್ಟ್ ಕಾರ್ಡ್ ಅಳತೆಯ ರಟ್ಟಿಗೆ ಸುತ್ತಿ, ಪುಸ್ತಕದ ಥರ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ. ಕೆಳಗಿನದು ಬೇಕಾದಾಗ ಮೇಲಿನದೆಲ್ಲ ಜಾರುತ್ತದೆ.

ಸೂಜಿಮಲ್ಲಿಗೆ, ಬೆಂಗಳೂರು

ಅಳೆದೆ ಅಕ್ಕ. 63ರಲ್ಲಿ 80 ಸೆಂಟಿಮೀಟರ್ ದಾಟಿದ್ದು 27 ಮಾತ್ರ. ಉಳಿದದ್ದನ್ನು ಏನು ಮಾಡುವುದು? ದೇವರ ಮುಂದೆ ಇಟ್ಟು ಕೊಟ್ಟಿದ್ದು. ಎಸೆಯಲು ಮನಸ್ಸು ಬರುವುದಿಲ್ಲ.

ಬೊಂಬೆಮನೆ, ಮೈಸೂರು

ಎಸೆಯಬೇಡಿ. ಹಾಗಂತ ಗಿಡ್ಡ ಪೀಸನ್ನು ಮುಂದಿನ ಮನೆಯ ತಟ್ಟೆಗೂ ಇಡಬೇಡಿ. ನನಗೆ ಈ ವಿಷಯದಲ್ಲಿ ತುಂಬಾ ನೋವಿದೆ. ಬಾಗಿನ ಕೊಡುವುದು ಒಬ್ಬ ಹೆಣ್ಣುಮಗಳು ಅದನ್ನು ಹೊಲಿಸಿ ಹಾಕಿಕೊಳ್ಳಲಿ ಅಂತ. ಯಾರಿಗೂ ಆಗದ ಬಟ್ಟೆ ಹತ್ತು ಮನೆ ಸುತ್ತಿ, ಹತ್ತು ಕಪಾಟಿನಲ್ಲಿ ಕೂತು ಧೂಳು ತಿನ್ನುವುದರಲ್ಲಿ ಏನಿದೆ?

ನಾನು ಗಿಡ್ಡ ಪೀಸುಗಳಲ್ಲಿ ದಾರ ಎಳೆದು ಬಾಯಿ ಕಟ್ಟುವ ಸಣ್ಣ ಚೀಲ ಹೊಲಿಯುತ್ತೇನೆ. ಒಂದು ಪೀಸಿಗೆ ಮೂರು ನಾಲ್ಕು ಆಗುತ್ತದೆ. ಹಬ್ಬಕ್ಕೆ ಅದರಲ್ಲೇ ಅರಿಶಿನ ಕುಂಕುಮ, ಬಳೆ ಹಾಕಿ ಕೊಡುತ್ತೇನೆ. ಪ್ಲಾಸ್ಟಿಕ್ ಕವರ್ ತಪ್ಪಿತು. ಕೊಟ್ಟ ಬಟ್ಟೆ ಮತ್ತೆ ಮಂಗಳ ಕೆಲಸಕ್ಕೇ ಹೋಯಿತು.

ದೂರದೂರಿನವಳು, ನ್ಯೂಜೆರ್ಸಿ

ಇದನ್ನು ಓದಿ ಮನಸ್ಸು ತುಂಬಿತು. ಊರಿಗೆ ಹೋದಾಗಲೆಲ್ಲ ಬ್ಲೌಸ್ ಪೀಸು ತುಂಬಿಕೊಂಡು ಬರುತ್ತೇನೆ. ಇಲ್ಲಿ ಹೊಲಿದುಕೊಡುವವರು ಹತ್ತಿರ ಇಲ್ಲ. ಹಾಗಾಗಿ ನಾನೇ ಕಲಿತೆ.

ನಮ್ಮಲ್ಲಿ ಕೋಣೆಗೇ ಸೇರಿದ ಕ್ಲಾಸೆಟ್ ಇರುತ್ತದೆ, ಬಟ್ಟೆ ನೇತುಹಾಕುವ ಸರಳು, ಮೇಲೆ ಒಂದೇ ಖಾನೆ. ಪ್ಯಾಂಟಿಗೆ ಬಳಸುವ ಕ್ಲಿಪ್ ಹ್ಯಾಂಗರಿಗೆ ಬಟ್ಟೆ ಸಿಕ್ಕಿಸಿ ಸಾಲಾಗಿ ನೇತುಹಾಕಿದ್ದೇನೆ. ಬಾಗಿಲ ಹಿಂದೆ ಚಪ್ಪಲಿ ಇಡುವ ಜೇಬುಗಳ ಪಟ್ಟಿ, ಅದರಲ್ಲಿ ಲೇಸು, ಜಿಪ್ಪು, ಟೇಪು. ಬಾಗಿಲ ಮೇಲಂಚಿಗೆ ಕೊಕ್ಕೆ ಹಾಕುವುದರಿಂದ ಮೊಳೆ ಬೇಡ. ನಿಮಗೂ ಆಗಬಹುದು. ಮಗಳಿಗೆ ಎಟುಕುವ ಕೆಳಗಿನ ಜೇಬುಗಳಲ್ಲಿ ಬರೀ ಉಣ್ಣೆ, ಬಟ್ಟೆ ಚೂರು ಇಡಿ.

ಸೂಜಿಮಲ್ಲಿಗೆ, ಬೆಂಗಳೂರು

ಮೂರು ವಾರ ಆಯಿತು. ಏನು ಮಾಡಿದೆ ಅಂತ ಹೇಳಲೇಬೇಕು.

ಗೋಡೆಯ ಆಚೆ ಬಾತ್‌ರೂಮೇ ಇತ್ತು. ಉಡುಪಿಯ ಅಕ್ಕ ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ತೀರಾ ಕೆಳಗಿನ ಖಾನೆಯ ಮೂಲೆಯಲ್ಲಿ ಕೈ ಇಟ್ಟರೆ ತಣ್ಣಗಿತ್ತು. ಅಲ್ಲೀಗ ಗಾಜಿನ ಮಣಿಯ ಬಾಟಲಿಗಳು ಇವೆ, ಭಾರ ಕೂಡ ಕೆಳಗೇ ಬಂತು. ಮುಂದೆ ಒಂದು ತಟ್ಟೆ ಇಟ್ಟು ಅದರಲ್ಲಿ ಮಷಿನ್ ಎಣ್ಣೆ. ಮಗಳು ತೆಗೆಯಬಾರದು ಅಂತ ಬಾಗಿಲ ಮೇಲ್ಗಡೆ ಚಿಲಕ ಇರುವುದನ್ನು ಈಗ ತಪ್ಪದೆ ಹಾಕುತ್ತೇನೆ.

ಎರಡನೇ ಖಾನೆಯಲ್ಲಿ ಬೇರೆಯವರ ಚೀಲ ಮಾತ್ರ, ಅದೂ ಹಲಗೆ ಹಾಸಿ, ಗೋಡೆಯಿಂದ ದೂರ. ಕಣ್ಣಳತೆಯ ಮೂರನೇ ಖಾನೆಯಲ್ಲಿ ಮೂರು ಟ್ರೇ. ಬೇಕರಿಯವರಿಂದ ಗಟ್ಟಿ ರಟ್ಟಿನ ಪೆಟ್ಟಿಗೆ ಕೇಳಿ ತಂದು, ಮುಂಭಾಗ ಕತ್ತರಿಸಿ, ಹಳೇ ಸೀರೆಯ ಬಟ್ಟೆ ಅಂಟಿಸಿದೆ. ನಾಲ್ಕನೆಯದರಲ್ಲಿ ದಾರದ ಮೆಟ್ಟಿಲು. ಒಟ್ಟು 91 ರೀಲು. ಒಂದೇ ಬಣ್ಣ ಎರಡೆರಡು ಇದ್ದದ್ದು 14. ಮೇಲಿನ ಖಾನೆಯಲ್ಲಿ ಬ್ಲೌಸ್ ಪೀಸು ಪುಸ್ತಕದ ಥರ ನಿಂತಿವೆ. ಸೂಜಿ, ಕತ್ತರಿ, ಒಗ್ಗರಣೆ ಡಬ್ಬಿ ಕೂಡ ಅಲ್ಲೇ. ಹಲಗೆ, ಬಾಗಿಲ ಜೇಬುಪಟ್ಟಿ ಸೇರಿ ಖರ್ಚು 480 ರೂಪಾಯಿ.

ನಿನ್ನೆ ಒಬ್ಬರು ಸಂಜೆ 6ಕ್ಕೆ ಸೀರೆ ತಂದು ಬೆಳಿಗ್ಗೆ ಬೇಕು ಅಂದರು. ಟ್ರೇ ಎಳೆದು ಕೂತೆ. ಒಂದು ಸಲವೂ ಎದ್ದು ಹುಡುಕಲಿಲ್ಲ.

ಟೈಲರಣ್ಣ, ದಾವಣಗೆರೆ

ಬಹಳ ಸಂತೋಷ ತಂಗಿ. 91 ರೀಲಿನಲ್ಲಿ ಹಳೇ ಕಾಟನ್ ದಾರ ಇದ್ದರೆ ಒಂದು ಮೊಳ ಎಳೆದು, ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಪಟ್ ಅಂತ ತುಂಡಾದರೆ ಅದರಲ್ಲಿ ಹೊಲಿಯಬೇಡಿ. ಬ್ಲೌಸಿನ ಹೊಲಿಗೆ ಆರು ತಿಂಗಳಲ್ಲಿ ಬಿಚ್ಚುತ್ತದೆ. ಬಿಸಿಲು ಬೀಳುವ ಕಡೆ ಇಟ್ಟ ದಾರ ಬೇಗ ಹಾಗಾಗುತ್ತದೆ.

ಸೂಜಿಮಲ್ಲಿಗೆ, ಬೆಂಗಳೂರು

ಜಗ್ಗಿ ನೋಡಿದೆ ಅಣ್ಣಾ. ಅಮ್ಮನ ಬಿಸ್ಕತ್ತು ಡಬ್ಬದಿಂದ ಬಂದ 6 ಮರದ ರೀಲು ತುಂಡಾದವು. ಎಸೆಯಲು ತೆಗೆದಿಟ್ಟಿದ್ದೆ. ಅಮ್ಮ ನೋಡಿ, ಎರಡೆಳೆ ಸೇರಿಸಿದರೆ ಹೂ ಕಟ್ಟಲು ಸಾಕು ಅಂತ ತಮ್ಮ ಹೂವಿನ ಬುಟ್ಟಿಗೆ ಹಾಕಿಕೊಂಡರು.